ಹದಿನಾಲ್ಕು ಮಹಡಿಯೂ ನಮ್ಮ ನಾಲ್ಕು ಮಹಡಿಯೂ

(ಬೆಸೆಂಟ್ ನಗರದ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡಿನ ಹಿರಿಮೆಯನ್ನೂ ಕವಿಗಳ ಗುಣವನ್ನೂ ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸಕ್ಕೆ ನಮಗಿಂತ ಯೋಗ್ಯರಾದವರು ಈ ವೇದಿಕೆಯ ಮೇಲೆಯೇ ಇದ್ದಾರೆ. ಬ್ಯಾಂಕಿನ ಮೇಜಿನ ಮುಂದೆ ಕುಳಿತು ದಿನವೆಲ್ಲ ಜಮಾ ಖರ್ಚು ನೋಡುವ ನಮ್ಮಂಥ ಗುಮಾಸ್ತರಿಗೆ ಮಾತನಾಡಬೇಕೆಂದು ಸಂಘದ ಅಪ್ಪಣೆಯಾದಾಗ, ನಮಗೆ ಗೊತ್ತಿರುವ ಒಂದು ವಿಷಯವನ್ನೇ ಆರಿಸಿಕೊಳ್ಳುವುದು ಕ್ಷೇಮವೆಂದು ತೋರಿತು. ಆ ವಿಷಯ ಇದು: ಎತ್ತರದ ಕಟ್ಟಡವೊಂದು ಮೇಲೇಳುವಾಗ ಅದನ್ನು ನೋಡುವುದು ಹೇಗೆ?

ನೋಡುವುದರಲ್ಲಿ ಏನು ವಿದ್ಯೆಯಿದೆ ಎಂದು ತಾವು ಕೇಳಬಹುದು. ಸಾರುವೆ ಕಟ್ಟಿದ ಜಾಗದ ಮುಂದೆ ನಿಂತು ಕತ್ತು ಎತ್ತಿದರೆ ಸಾಲದೆ? ಸಾಲದು ಎಂಬುದೇ ನಮ್ಮ ಬಿನ್ನಹ. ಕಟ್ಟಡದ ಮುಖ್ಯ ಭಾಗಗಳು ಎರಡೂ ಕಣ್ಣಿಗೆ ಕಾಣದಂಥವು. ಒಂದು ನೆಲದ ಕೆಳಗಿರುವ ಅಸ್ತಿವಾರ. ಇನ್ನೊಂದು ಕಡತದ ಒಳಗಿರುವ ಲೆಕ್ಕ. ಈ ಎರಡನ್ನೂ ಬಿಟ್ಟು ಮಹಡಿಗಳನ್ನು ಮಾತ್ರ ಎಣಿಸುವವನು ಕಟ್ಟಡವನ್ನು ನೋಡಿದವನಲ್ಲ.

ಇದಕ್ಕೆ ನಮ್ಮ ಊರಿನಲ್ಲಿಯೇ ದೊಡ್ಡ ನಿದರ್ಶನವಿದೆ. ಮೌಂಟ್ ರೋಡಿನಲ್ಲಿ, ಈಗಿನ ಅಣ್ಣಾ ಸಾಲೆಯಲ್ಲಿ, ನಿಂತಿರುವ ಎಲ್‌ಐಸಿ ಕಟ್ಟಡವನ್ನು ತಾವೆಲ್ಲ ಬಲ್ಲಿರಿ. ಕಡತದಲ್ಲಿ ಅದು 15 ಅಂತಸ್ತಿನದು; ಊರ ಬಾಯಿಯಲ್ಲಿ ಮಾತ್ರ ‘ಹದಿನಾಲ್ಕು ಮಹಡಿ’. ಎತ್ತರ 177 ಅಡಿ. 1959ರಲ್ಲಿ ಅದು ಮುಗಿದಾಗ ಇಂಡಿಯಾ ದೇಶದಲ್ಲಿಯೇ ಅಷ್ಟು ಎತ್ತರದ ಮಹಡಿ ಕಟ್ಟಡ ಬೇರೊಂದಿರಲಿಲ್ಲ. ಆ ಕೀರ್ತಿ 1961ರಲ್ಲಿ ಮುಂಬಯಿಗೆ ಹೋಯಿತು. ಹಳ್ಳಿಯಿಂದ ಪಟ್ಟಣಕ್ಕೆ ಬಂದ ಕಥಾನಾಯಕನನ್ನು ತೋರಿಸಬೇಕಾದರೆ ತಮಿಳು ಸಿನಿಮಾದವರು ಮೊದಲು ಸೆಂಟ್ರಲ್ ಸ್ಟೇಷನ್ನನ್ನೂ ಆಮೇಲೆ ಈ ಕಟ್ಟಡವನ್ನೂ ತೋರಿಸುತ್ತಿದ್ದರು. ಕೈಯಲ್ಲಿ ಟ್ರಂಕು ಹಿಡಿದು ಉಡುಪಿಯಿಂದಲೋ ಬಳ್ಳಾರಿಯಿಂದಲೋ ಬಂದಿಳಿದ ನಮ್ಮ ಹಿರಿಯರೂ ಹಾಗೆಯೇ ಅದನ್ನು ಕತ್ತೆತ್ತಿ ನೋಡಿದವರು. ಅದು ಏಳುತ್ತಿದ್ದಾಗ ನಾವು ಹುಟ್ಟಿರಲಿಲ್ಲ. ಆದರೆ ಅದು ಎದ್ದ ಬಗೆಯನ್ನು ವರ್ಷ ವರ್ಷವಾಗಿ ಇಟ್ಟುಕೊಂಡು ನೋಡಿದರೆ, ನಮ್ಮಂಥ ಲೆಕ್ಕದವರಿಗೆ ಅದು ಒಂದು ಒಳ್ಳೆಯ ಪಾಠ.

ಕಟ್ಟೋಣ ಆರಂಭವಾದದ್ದು 1953ರಲ್ಲಿ. ಆರಂಭಿಸಿದವರು ಎಂ. ಸಿಟಿ. ಎಂ. ಚಿದಂಬರಂ ಚೆಟ್ಟಿಯಾರರು. 1937ರಲ್ಲಿ ಇಂಡಿಯನ್ ಓವರ್ಸೀಸ್ ಬ್ಯಾಂಕನ್ನು ಸ್ಥಾಪಿಸಿದವರೂ ಅವರೇ. ಸ್ವದೇಶಿ ಚಳವಳಿಯ ಕಾಲದಲ್ಲಿ, 1906ರಲ್ಲಿ, ಮದರಾಸಿನಲ್ಲಿ ಹುಟ್ಟಿದ್ದ ಯುನೈಟೆಡ್ ಇಂಡಿಯಾ ಜೀವವಿಮಾ ಸಂಸ್ಥೆಗೆ ಒಂದು ಭವ್ಯವಾದ ಮನೆ ಬೇಕೆಂಬುದು ಅವರ ಸಂಕಲ್ಪ. ನಕ್ಷೆ ಬರೆದವರು ಬ್ರೌನ್ ಮತ್ತು ಮೌಲಿನ್ ಎಂಬ ಇಬ್ಬರು ಆಂಗ್ಲ ಶಿಲ್ಪಿಗಳು. ಕಟ್ಟುವ ಗುತ್ತಿಗೆ ಕೋರಮಂಡಲ್ ಎಂಜಿನಿಯರಿಂಗ್ ಕಂಪನಿಯದು. ಸುಣ್ಣದ ಗಾರೆಯನ್ನೂ ಇಟ್ಟಿಗೆಯ ದಪ್ಪ ಗೋಡೆಗಳನ್ನೂ ನಂಬಿದ್ದ ಈ ಊರಿನಲ್ಲಿ ಕಾಂಕ್ರೀಟಿನ ಕಂಬಗಳ ಮೇಲೆ ಇಷ್ಟು ಎತ್ತರಕ್ಕೆ ಹೋಗುವ ಸಾಹಸ ಆಗ ಹೊಸದು. ಹಳೆಯ ಪದ್ಧತಿಯಲ್ಲಿ ಗೋಡೆಯೇ ಭಾರ ಹೊರುತ್ತದೆ. ಆದ್ದರಿಂದ ಮೇಲೆ ಹೋದಷ್ಟೂ ಕೆಳಗಿನ ಗೋಡೆ ದಪ್ಪವಾಗಬೇಕು. ಹೊಸ ಪದ್ಧತಿಯಲ್ಲಿ ಕಂಬ ಮತ್ತು ತೊಲೆಗಳ ಅಸ್ಥಿಪಂಜರ ಭಾರ ಹೊರುತ್ತದೆ. ಗೋಡೆ ಬರಿಯ ಮರೆ. ಕಬ್ಬಿಣದ ಸಲಾಕೆ ಎಳೆತವನ್ನು ತಡೆಯುತ್ತದೆ, ಕಾಂಕ್ರೀಟು ಒತ್ತಡವನ್ನು ತಡೆಯುತ್ತದೆ. ಗಂಡ ಹೆಂಡಿರ ಸಂಸಾರದಂತೆ ಒಬ್ಬರಿಗೆ ಆಗದ್ದನ್ನು ಇನ್ನೊಬ್ಬರು ಹೊರುವುದರಿಂದ ಮನೆ ನಿಲ್ಲುತ್ತದೆ.

ಕೆಲಸ ಆರಂಭವಾದ ಮರುವರ್ಷವೇ ಆಘಾತ ಬಂತು. 1954ರ ಮಾರ್ಚ್ 13ರಂದು ಸಿಂಗಪುರದಲ್ಲಿ ವಿಮಾನ ಅಪಘಾತವಾಗಿ ಚಿದಂಬರಂ ಚೆಟ್ಟಿಯಾರರು ತೀರಿಕೊಂಡರು. ಸಂಕಲ್ಪ ಮಾಡಿದ ಯಜಮಾನನೇ ಇಲ್ಲವಾದರೆ ಅರ್ಧಕ್ಕೆ ನಿಂತ ಕಟ್ಟಡದ ಗತಿಯೇನು? ಆದರೂ ಕೆಲಸ ನಡೆಯಿತು. ಎರಡು ವರ್ಷ ಕಳೆಯುವುದರೊಳಗೆ ಇನ್ನೊಂದು ತಿರುವು. 1956ರ ಜನವರಿ 19ರಂದು ಅರ್ಥಮಂತ್ರಿ ಚಿಂತಾಮಣಿ ದೇಶಮುಖರು ಜೀವವಿಮೆಯನ್ನು ರಾಷ್ಟ್ರೀಕರಣ ಮಾಡಿರುವುದಾಗಿ ಆಕಾಶವಾಣಿಯಲ್ಲಿ ಸಾರಿದರು. ಸ್ವದೇಶಿ, ವಿದೇಶಿ ವಿಮಾ ಕಂಪನಿಗಳೂ ಭವಿಷ್ಯನಿಧಿ ಸಂಘಗಳೂ ಸೇರಿ ಒಟ್ಟು 245 ಸಂಸ್ಥೆಗಳು ಒಂದೇ ಸೂರಿನ ಕೆಳಗೆ ಬಂದು, ಆ ವರ್ಷದ ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮ ಹುಟ್ಟಿತು. ಮೌಂಟ್ ರೋಡಿನಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ಒಡೆಯನೇ ಬದಲಾದ. 1957ರಲ್ಲಿ ಆಂಗ್ಲ ಶಿಲ್ಪಿಗಳೂ ಕೈಬಿಟ್ಟರು. ಮದರಾಸಿನಲ್ಲಿಯೇ ನೆಲಸಿದ್ದ ಎಲ್. ಎಂ. ಚಿತಳೆಯವರು ನಕ್ಷೆಯನ್ನು ಕೈಗೆತ್ತಿಕೊಂಡು ಕೆಲಸವನ್ನು ಮುಗಿಸಿಕೊಟ್ಟರು. ಕೊನೆಗೆ 1959ರ ಆಗಸ್ಟ್ 23ರಂದು ಆಗಿನ ಅರ್ಥಮಂತ್ರಿ ಮೊರಾರ್ಜಿ ದೇಸಾಯಿಯವರು ಪ್ರಾರಂಭೋತ್ಸವ ಮಾಡಿದರು. ಖರ್ಚು ಸುಮಾರು 87 ಲಕ್ಷ ರೂಪಾಯಿ.

ಗಮನಿಸಬೇಕು. ಗುದ್ದಲಿ ಹಾಕಿಸಿದವನು ಬಾಗಿಲು ತೆರೆಯಲು ಇರಲಿಲ್ಲ. ಗುದ್ದಲಿ ಹಾಕಿದ ಕಂಪನಿಯೂ ಇರಲಿಲ್ಲ. ನಕ್ಷೆ ಬರೆದವರೂ ಇರಲಿಲ್ಲ. ಅರ್ಥಮಂತ್ರಿಗಳೇ ದೇಶಮುಖ್, ಕೃಷ್ಣಮಾಚಾರಿ, ನಡುವೆ ಕೆಲವು ದಿನ ಸ್ವತಃ ನೆಹರೂ, ಆಮೇಲೆ ಮೊರಾರ್ಜಿ ಎಂದು ನಾಲ್ವರು ಆಗಿಹೋದರು. ಆದರೂ ಕಟ್ಟಡ ಮುಗಿಯಿತು. ಏಕೆಂದರೆ ಒಂದು ಕೈಯಿಂದ ಇನ್ನೊಂದು ಕೈಗೆ ಅಸ್ತಿವಾರವೂ ಲೆಕ್ಕವೂ ಸರಿಯಾಗಿ ವರ್ಗವಾಯಿತು.

ಅದೇ ಕಾಲದಲ್ಲಿ ಲೆಕ್ಕ ತಪ್ಪಿದ ನಿದರ್ಶನವೂ ಉಂಟು. 1957ರಲ್ಲಿ ಇದೇ ನಿಗಮದ ಹಣದಿಂದ ಸುಮಾರು ಒಂದೂಕಾಲು ಕೋಟಿ ರೂಪಾಯಿಯನ್ನು ಮುಂದ್ರಾ ಎಂಬವರ ಕಂಪನಿಗಳ ಷೇರುಗಳಲ್ಲಿ ತೊಡಗಿಸಲಾಯಿತು. ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಪ್ರಶ್ನೆ ಎತ್ತಿದರು. ನ್ಯಾಯಮೂರ್ತಿ ಛಾಗ್ಲಾ ಅವರು ಬಹಿರಂಗವಾಗಿ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಡಬೇಕಾಯಿತು. ಗುಮಾಸ್ತರ ಬುದ್ಧಿ ಇಲ್ಲಿ ಸುಮ್ಮನಿರುವುದಿಲ್ಲ. ಆ ಒಂದೂಕಾಲು ಕೋಟಿಯಲ್ಲಿ ಹದಿನಾಲ್ಕು ಮಹಡಿಯಂಥ ಕಟ್ಟಡ ಒಂದನ್ನು ಪೂರ್ತಿ ಕಟ್ಟಿ, ಎರಡನೆಯದನ್ನು ಅರ್ಧದ ಹತ್ತಿರಕ್ಕೆ ತರಬಹುದಾಗಿತ್ತು. ಮೌಂಟ್ ರೋಡಿನ ಕಟ್ಟಡವನ್ನು ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ಕಡತದೊಳಗಿನ ಷೇರುಗಳನ್ನು ನೋಡುವವರು ಇರಲಿಲ್ಲ. ಎರಡೂ ತಿಂಗಳು ತಿಂಗಳು ಕಂತು ಕಟ್ಟಿದ ಬಡ ಮಧ್ಯಮ ವರ್ಗದವರ ಹಣವೇ.

ಇನ್ನು ರಾಜ್ಯೋತ್ಸವಕ್ಕೂ ಇದಕ್ಕೂ ಏನು ಸಂಬಂಧ ಎಂದು ಹಿರಿಯರೊಬ್ಬರು ಹುಬ್ಬು ಏರಿಸುತ್ತಿರುವುದು ನಮಗೆ ಕಾಣುತ್ತಿದೆ. ಸಂಬಂಧ ಇದೆ. ಈ ಕಟ್ಟಡದ ಅಸ್ತಿವಾರ ಅಗೆದ 1953ರ ಅಕ್ಟೋಬರ್ 1ರಂದೇ ಬಳ್ಳಾರಿ ಜಿಲ್ಲೆಯ ಬಹುಭಾಗ ಮದರಾಸು ರಾಜ್ಯದಿಂದ ಮೈಸೂರಿಗೆ ಬಂತು. ಕಟ್ಟಡ ಅರ್ಧ ಎದ್ದಿದ್ದ 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿದುವು. ಕಾಸರಗೋಡು ಕೇರಳಕ್ಕೆ ಹೋಯಿತು. ಅದುವರೆಗೆ ಮಂಗಳೂರಿನವನಿಗೂ ಬಳ್ಳಾರಿಯವನಿಗೂ ಮದರಾಸು ಪರಸ್ಥಳವಾಗಿರಲಿಲ್ಲ. ಅದು ಅವನ ರಾಜಧಾನಿ. ಅವನ ಹೈಕೋರ್ಟು ಇಲ್ಲಿ, ಅವನ ವಿಶ್ವವಿದ್ಯಾನಿಲಯ ಇಲ್ಲಿ, ಅವನ ಶಾಸನಸಭೆ ಇಲ್ಲಿ. ಆ ನವೆಂಬರಿನ ಬೆಳಗ್ಗೆ ಇಲ್ಲಿದ್ದ ಕನ್ನಡಿಗರು ಮನೆ ಬದಲಾಯಿಸದೆಯೇ ಹೊರ ರಾಜ್ಯದವರಾದರು. ನಾಡು ಒಂದಾದ ಹಬ್ಬವನ್ನು ಅವರು ಸಂತೋಷದಿಂದಲೇ ಆಚರಿಸಿದರು. ಮರುದಿನ ಎಂದಿನಂತೆ ಬಸ್ಸುಗಳು ನಡೆದಾಡುತ್ತಿದ್ದ ಬೀದಿಗಳಲ್ಲಿಯೇ ಕೆಲಸಕ್ಕೂ ಹೋದರು. ನಮ್ಮ ಹಿರಿಯರ ಹಬ್ಬಕ್ಕೂ ಹದಿನಾಲ್ಕು ಮಹಡಿಗೂ ಒಂದೇ ಪ್ರಾಯವೆಂದರೆ ತಪ್ಪಾಗಲಾರದು.

ಅತ್ತ ಬೆಂಗಳೂರಿನಲ್ಲಿಯೂ ಆಗ ಒಂದು ದೊಡ್ಡ ಕಟ್ಟೋಣ ನಡೆಯುತ್ತಿತ್ತು. ವಿಧಾನಸೌಧಕ್ಕೆ 1951ರ ಜುಲೈ 13ರಂದು ನೆಹರೂ ಅವರು ಅಸ್ತಿವಾರದ ಕಲ್ಲು ಇಟ್ಟರು. ಕೆಂಗಲ್ ಹನುಮಂತಯ್ಯನವರು ಮೊದಲಿನ ನಕ್ಷೆಯನ್ನು ಬದಲಿಸಿ ನಮ್ಮ ದೇವಾಲಯಗಳ ಶಿಲ್ಪ ಕಾಣುವಂತೆ ಕಲ್ಲಿನಲ್ಲಿ ಕಟ್ಟಿಸಿದರು. ಸಾವಿರಾರು ಕೂಲಿಗಳ ಜೊತೆಗೆ ಕಲ್ಲು ಕಡೆಯುವ ಶಿಲ್ಪಿಗಳೂ, ಸೆರೆಮನೆಯ ಕೈದಿಗಳೂ ದುಡಿದರು. ಅದು 1956ರಲ್ಲಿ ಮುಗಿಯಿತು. ಖರ್ಚು ಸುಮಾರು ಒಂದೂಮುಕ್ಕಾಲು ಕೋಟಿ, ಎಂದರೆ ಮೌಂಟ್ ರೋಡಿನ ಕಟ್ಟಡದ ಎರಡರಷ್ಟು. ಆದರೆ ಆ ವರ್ಷದ ಆಗಸ್ಟ್ ತಿಂಗಳಿನಲ್ಲಿಯೇ ಹನುಮಂತಯ್ಯನವರು ಮುಖ್ಯಮಂತ್ರಿ ಪದವಿಯಿಂದ ಇಳಿದಿದ್ದರು. ಕಟ್ಟಿಸಿದವರೊಬ್ಬರು, ಆಳಿದವರು ಇನ್ನೊಬ್ಬರು. ಇದು ಎತ್ತರದ ಕಟ್ಟಡಗಳ ಹಣೆಬರಹವೇ ಇರಬೇಕು.

ಇನ್ನೂ ಹಿಂದಕ್ಕೆ ಹೋಗೋಣ. ವಿಜಯಪುರದ ಗೋಲಗುಂಬಜಿನ ಎತ್ತರ ಸುಮಾರು 51 ಮೀಟರು. ಹದಿನಾಲ್ಕು ಮಹಡಿಯದು 54 ಮೀಟರು. ಮುನ್ನೂರು ವರ್ಷಗಳ ಅಂತರಕ್ಕೆ ಒಂದು ಮಹಡಿಯ ಅಂತರ! ಉಕ್ಕಿಲ್ಲದೆ, ಸಿಮೆಂಟಿಲ್ಲದೆ, ನಮ್ಮ ನಾಡಿನ ಕೆಲಸಗಾರರು ಅಷ್ಟು ಎತ್ತರವನ್ನು ಮುಟ್ಟಿದ್ದರು. ಆದರೆ 1656ರಲ್ಲಿ ಮುಹಮ್ಮದ್ ಆದಿಲ್ ಷಾ ತೀರಿಕೊಂಡ ಮೇಲೆ ಆ ಕೆಲಸ ಪೂರ್ಣವಾಗಲಿಲ್ಲ. ಒಬ್ಬ ದೊರೆಯ ಇಚ್ಛೆಯಿಂದ ಎದ್ದದ್ದು ಅವನ ಜೊತೆಯಲ್ಲಿಯೇ ನಿಂತಿತು. ಮೌಂಟ್ ರೋಡಿನಲ್ಲಿ ಹಾಗಾಗಲಿಲ್ಲ. ಅದಕ್ಕೆ ಕಾರಣ ಒಬ್ಬ ಯಜಮಾನನ ಹಿರಿಮೆಯಲ್ಲ. ಕರಾರು, ಕಡತ, ಕೆಲಸದ ಕ್ರಮ. ಇವನ್ನು ನೀರಸವೆಂದು ತಿಳಿದವರು ಬಹಳ. ಆದರೆ ಮನುಷ್ಯ ಸತ್ತರೂ ಕೆಲಸ ಸಾಯದಂತೆ ನೋಡಿಕೊಳ್ಳುವುದು ಈ ನೀರಸವಾದ ಕಾಗದಗಳೇ.

ಕಟ್ಟಿ ಮುಗಿಸಿದ ಮೇಲೆಯೂ ಪರೀಕ್ಷೆ ಮುಗಿಯಲಿಲ್ಲ. 1975ರ ಜುಲೈನಲ್ಲಿ ಹದಿನಾಲ್ಕು ಮಹಡಿಗೆ ಬೆಂಕಿ ಬಿತ್ತು. ಹಾನಿ ದೊಡ್ಡದಾಯಿತು. ಆದರೆ ಅಸ್ಥಿಪಂಜರ ನಿಂತಿತು, ಒಳಗನ್ನು ಸರಿಪಡಿಸಿದರು, ಇಂದಿಗೂ ಅದು ನಿಂತಿದೆ.

ಇಷ್ಟು ಹೊತ್ತು ಮೌಂಟ್ ರೋಡಿನಲ್ಲಿ ಅಲೆದಾಡಿದೆವು. ಇನ್ನು ಅಡಯಾರನ್ನು ದಾಟಿ ನಮ್ಮ ಬೀದಿಗೆ ಬರೋಣ. ಅನಿ ಬೆಸೆಂಟರ ಹೆಸರನ್ನು ಹೊತ್ತ ನಮ್ಮ ಬಡಾವಣೆಯನ್ನು ಗೃಹಮಂಡಲಿಯವರು 1970ರ ದಶಕದಲ್ಲಿ ಬೆಳೆಸಿದರು. ಎಲಿಯಟ್ಸ್ ಕಡಲತೀರದ ಪಕ್ಕದಲ್ಲಿ ಮೂರು ನಾಲ್ಕು ಅಂತಸ್ತಿನ ವಸತಿಗಳು ಎದ್ದುವು. ಅವುಗಳಲ್ಲಿ ಕನ್ನಡದ ಅನೇಕ ಕುಟುಂಬಗಳು ಮನೆ ಮಾಡಿದುವು. ಮಕ್ಕಳು ಹುಟ್ಟಿದರು, ಓದಿದರು, ಹಾರಿದರು. ಈಗ ಆ ಕಟ್ಟಡಗಳಿಗೆ ಐವತ್ತರ ಆಸುಪಾಸು. ಮನುಷ್ಯನಿಗೆ ಐವತ್ತು ನಡುವಯಸ್ಸು. ಕಡಲತೀರದ ಕಾಂಕ್ರೀಟಿಗೆ ಅದು ಮುಪ್ಪು. ಕಾರಣ ಸರಳ. ಉಪ್ಪುಗಾಳಿ ಕಾಂಕ್ರೀಟಿನ ಸಣ್ಣ ರಂಧ್ರಗಳ ಮೂಲಕ ಒಳಗಿನ ಸಲಾಕೆಯನ್ನು ಮುಟ್ಟುತ್ತದೆ. ಸಲಾಕೆ ತುಕ್ಕು ಹಿಡಿದಾಗ ಉಬ್ಬುತ್ತದೆ. ಉಬ್ಬಿದಾಗ ಮೇಲಿನ ಕಾಂಕ್ರೀಟನ್ನು ಒಡೆಯುತ್ತದೆ. ತಾರಸಿಯ ಕೆಳಗಿನಿಂದ ಹೆಪ್ಪಳಿಕೆ ಉದುರಿ ಸಲಾಕೆ ಕಾಣುವುದನ್ನು ನಮ್ಮಲ್ಲಿ ಅನೇಕರು ಅಡಿಗೆಮನೆಯಲ್ಲಿಯೇ ಕಂಡಿದ್ದೇವೆ. ಸುಣ್ಣ ಬಳಿದರೆ ಅದು ಮರೆಯಾಗುತ್ತದೆ, ಮಾಯುವುದಿಲ್ಲ.

ಆದ್ದರಿಂದ ಬೀದಿಗೊಂದರಂತೆ ಹಳೆಯ ಕಟ್ಟಡ ಬೀಳುತ್ತಿದೆ, ಹೊಸದು ಏಳುತ್ತಿದೆ. ನೆಲದ ಮಟ್ಟದಲ್ಲಿ ವಾಹನಗಳಿಗೆ ಜಾಗ ಬಿಟ್ಟು, ಮೇಲೆ ಇನ್ನೂ ಒಂದೆರಡು ಅಂತಸ್ತು ಸೇರಿಸಿ, ಲಿಫ್ಟು ಇಟ್ಟು ಕಟ್ಟಿಕೊಡುತ್ತೇವೆಂದು ಬಿಲ್ಡರುಗಳು ಬರುತ್ತಾರೆ. ತಮಿಳುನಾಡಿನ 2019ರ ಕಟ್ಟಡ ನಿಯಮಗಳ ಪ್ರಕಾರ 18.30 ಮೀಟರಿನ ಒಳಗಿದ್ದರೆ ಅದು ‘ಎತ್ತರದ ಕಟ್ಟಡ’ವೇ ಅಲ್ಲ. ಕಾಯಿದೆಯ ಕಣ್ಣಿಗೆ ಅದು ಗಿಡ್ಡ. ಆದರೆ ನಿವೃತ್ತಿಯ ಮೇಲೆ ಬದುಕುವ ಎಪ್ಪತ್ತೈದರ ಅಜ್ಜಿಗೆ, ಎರಡು ಮೂರು ವರ್ಷ ಬಾಡಿಗೆಯ ಮನೆಗೆ ಹೋಗಿ, ತನ್ನ ಮನೆ ಮಣ್ಣಾಗಿ ಮತ್ತೆ ಏಳುವುದನ್ನು ಕಾಯಬೇಕಾದ ಅಜ್ಜಿಗೆ, ಅದು ಹದಿನಾಲ್ಕು ಮಹಡಿಗಿಂತ ಎತ್ತರವೇ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕೆಡವಿ ಕಟ್ಟಿ ನೋಡು ಎಂದು ಅವರು ಹೇಳಲಿಲ್ಲ. ಅದು ನಮ್ಮ ಕಾಲದ ಪಾಲಿಗೆ ಬಂತು.

ಹಾಗಾದರೆ ಹೀಗೆ ಏಳುವ ಕಟ್ಟಡವನ್ನು ನೋಡುವುದು ಹೇಗೆ? ನಮ್ಮ ವೃತ್ತಿಯಲ್ಲಿ ಕಂಡದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ.

ಮೊದಲನೆಯದು, ಹಣ ಕೆಲಸದ ಹಿಂದೆ ನಡೆಯಬೇಕು, ಮುಂದೆ ಓಡಬಾರದು. ಪಾಯ ಮುಗಿದಾಗ ಇಷ್ಟು, ಮೊದಲ ತಾರಸಿ ಬಿದ್ದಾಗ ಇಷ್ಟು, ಗೋಡೆ ಎದ್ದಾಗ ಇಷ್ಟು ಎಂದು ಕಂತು ಇರಬೇಕು. 2013ರಲ್ಲಿ ರಿಸರ್ವ್ ಬ್ಯಾಂಕು ಮನೆ ಸಾಲವನ್ನು ಕಟ್ಟೋಣದ ಹಂತಕ್ಕೆ ತಕ್ಕಂತೆಯೇ ಬಿಡುಗಡೆ ಮಾಡಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. ಸಾಲವಿಲ್ಲದೆ ಕೈಹಣ ಕೊಡುವವರಿಗೆ ಈ ಕಾವಲು ಇಲ್ಲ, ಅವರೇ ಕಾವಲಾಗಬೇಕು.

ಎರಡನೆಯದು, 2016ರ ರಿಯಲ್ ಎಸ್ಟೇಟ್ ಕಾಯಿದೆ, ಜನರ ಬಾಯಲ್ಲಿ ‘ರೇರಾ’. ಇದರ ಪ್ರಕಾರ ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70ನ್ನು ಬಿಲ್ಡರು ಆ ಕಟ್ಟಡಕ್ಕೇ ಮೀಸಲಾದ ಪ್ರತ್ಯೇಕ ಬ್ಯಾಂಕು ಖಾತೆಯಲ್ಲಿಡಬೇಕು. ಎಂಜಿನಿಯರು, ಆರ್ಕಿಟೆಕ್ಟು, ಲೆಕ್ಕಪರಿಶೋಧಕ ಮೂವರೂ ಪ್ರಮಾಣಪತ್ರ ಕೊಟ್ಟ ಮೇಲೆಯೇ ತೆಗೆಯಬೇಕು. ಕಟ್ಟಡದ ಒಟ್ಟು ನಕ್ಷೆ ಬದಲಿಸಬೇಕಾದರೆ ಕೊಂಡವರಲ್ಲಿ ಮೂರರಲ್ಲಿ ಎರಡು ಪಾಲಿನವರು ಲಿಖಿತವಾಗಿ ಒಪ್ಪಬೇಕು. ಸ್ವಾಧೀನಕ್ಕೆ ಕೊಟ್ಟ ಐದು ವರ್ಷದೊಳಗೆ ರಚನೆಯ ದೋಷ ಕಂಡರೆ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಇಷ್ಟೆಲ್ಲ ಒಳ್ಳೆಯದೇ. ಆದರೆ 500 ಚದರ ಮೀಟರಿಗೆ ಮೀರದ ನಿವೇಶನದ, ಅಥವಾ ಎಂಟಕ್ಕೆ ಮೀರದ ಮನೆಗಳ ಕಟ್ಟಡವನ್ನು ಈ ಕಾಯಿದೆಯಲ್ಲಿ ನೋಂದಾಯಿಸಬೇಕೆಂಬ ಕಡ್ಡಾಯವಿಲ್ಲ. ನಮ್ಮ ಬೀದಿಗಳಲ್ಲಿ ಅಂಥ ಸಣ್ಣ ಕಟ್ಟಡಗಳು ಎಷ್ಟಿವೆ ಎಂಬುದನ್ನು ತಾವೇ ಸಂಜೆ ನಡೆದಾಡುವಾಗ ಎಣಿಸಬಹುದು. ಅಂಥಲ್ಲಿ ಕಾಯಿದೆಯ ಮಾತುಗಳನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.

ಮೂರನೆಯದು, ಕೆಲಸವನ್ನು ಕಣ್ಣಿನಿಂದ ನೋಡುವುದು. ಇದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ. ಸಮುದ್ರದ ಮರಳು ಬರುತ್ತಿದೆಯೋ? ಕಾಂಕ್ರೀಟು ಹಾಕಿದ ಮೇಲೆ ಏಳು ದಿನವಾದರೂ ನೀರು ಹಿಡಿಯುತ್ತಿದ್ದಾರೆಯೋ? ಹಾಕಿದ ಕಾಂಕ್ರೀಟಿನಿಂದ ಸಣ್ಣ ಅಚ್ಚುಗಳನ್ನು ಎರಕ ಹೊಯ್ದು, ಇಪ್ಪತ್ತೆಂಟನೆಯ ದಿನ ಒತ್ತಿ ಪರೀಕ್ಷಿಸಿದ ವರದಿ ಇದೆಯೋ? ಮಣ್ಣಿನ ಪರೀಕ್ಷೆ ಮಾಡಿಸಿದ್ದಾರೆಯೋ? ಈ ನಾಲ್ಕು ಪ್ರಶ್ನೆಗಳನ್ನು ಮೇಸ್ತ್ರಿಯ ಬಳಿ ಯಾರೂ ಕೇಳಬಹುದು. ಕೇಳುವವರು ಇದ್ದಾರೆಂದು ತಿಳಿದರೆ ಕೆಲಸವೇ ಬೇರೆಯಾಗುತ್ತದೆ.

ಕೇಳದಿದ್ದರೆ ಏನಾಗುತ್ತದೆ? 2014ರ ಜೂನ್ 28ರಂದು ಇದೇ ಚೆನ್ನೈಯ ಮೌಲಿವಾಕ್ಕದಲ್ಲಿ, ಕಟ್ಟುತ್ತಿದ್ದ 11 ಅಂತಸ್ತಿನ ಕಟ್ಟಡ ಮಳೆಯ ಸಂಜೆ ಕುಸಿದು 61 ಮಂದಿ ಸತ್ತರು. ಬಹುಮಂದಿ ದೂರದ ಊರುಗಳಿಂದ ಕೆಲಸಕ್ಕೆ ಬಂದಿದ್ದವರು. ಪಕ್ಕದ ಜೋಡಿ ಕಟ್ಟಡವನ್ನು 2016ರ ನವೆಂಬರಿನಲ್ಲಿ ಸಿಡಿಮದ್ದಿಟ್ಟು ಉರುಳಿಸಬೇಕಾಯಿತು. ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರದ ನೋಯಿಡಾ ಸಾಕ್ಷಿ. ಅಲ್ಲಿ ಒಂದು ವಸತಿಯ ನಿವಾಸಿಗಳು ತಮ್ಮ ಒಪ್ಪಿಗೆಯಿಲ್ಲದೆ ನಕ್ಷೆ ಬದಲಿಸಿ ಪಕ್ಕದಲ್ಲಿ ಎರಡು ಗೋಪುರ ಎಬ್ಬಿಸುತ್ತಿದ್ದಾರೆಂದು 2012ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಒಂಬತ್ತು ವರ್ಷ ಕಾಗದ ಹಿಡಿದು ಅಲೆದರು. 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. 2022ರ ಆಗಸ್ಟ್ 28ರಂದು ನೂರು ಮೀಟರಿನಷ್ಟು ಎತ್ತರದ ಗೋಪುರಗಳು ಕೆಲವೇ ಸೆಕೆಂಡುಗಳಲ್ಲಿ ಮಣ್ಣಾದುವು. ಅವರೂ ನಮ್ಮಂತೆಯೇ ನೌಕರಿಯ ಜನ, ನಿವೃತ್ತರು. ಅವರು ಕಟ್ಟಡವನ್ನು ನೋಡಿದರು; ಕತ್ತೆತ್ತಿ ಮಾತ್ರವಲ್ಲ, ಕಡತ ತೆಗೆದು ನೋಡಿದರು.

ನಾಲ್ಕನೆಯದು ಕಟ್ಟುವ ಕೈಗಳ ವಿಷಯ. ನಮ್ಮ ಬೀದಿಯಲ್ಲಿ ಸಾರುವೆಯ ಮೇಲೆ ನಿಂತವರನ್ನು ಮಾತನಾಡಿಸಿ ನೋಡಿ. ಒಬ್ಬ ಒರಿಸ್ಸಾದವನು, ಒಬ್ಬ ಬಿಹಾರದವನು, ಒಬ್ಬ ಬಂಗಾಳದವನು. ಊರು ಬಿಟ್ಟು ಬಂದು, ಬೇರೆ ಭಾಷೆಯ ನಡುವೆ ಬದುಕು ಹೂಡುವುದು ಎಂಥದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಟ್ಟಡ ಕಾರ್ಮಿಕರ ಕ್ಷೇಮಕ್ಕಾಗಿ 1996ರ ಕಾಯಿದೆಯಂತೆ ಕಟ್ಟೋಣದ ವೆಚ್ಚದಲ್ಲಿ ನೂರಕ್ಕೆ ಒಂದಾದರೂ ಸೆಸ್ ತೆಗೆದಿಡುವ ಪದ್ಧತಿ ಬಂತು. ನಮ್ಮ ಕಟ್ಟಡದ ಲೆಕ್ಕದಲ್ಲಿ ಆ ಒಂದು ರೂಪಾಯಿ ಸಂದಿದೆಯೋ ಇಲ್ಲವೋ ಎಂದು ನೋಡುವುದೂ ನಮ್ಮ ಲೆಕ್ಕವೇ. ಅವರಿಗೆ ಹೆಲ್ಮೆಟ್ಟು, ಕುಡಿಯುವ ನೀರು, ಕಕ್ಕಸು ಇವೆಯೇ ಎಂದು ಕೇಳುವುದು ಉಪಕಾರವಲ್ಲ. ನಾಳೆ ನಮ್ಮ ಮಕ್ಕಳು ಮಲಗುವ ತಾರಸಿಯನ್ನು ಹಾಕುವವರು ಅವರು.

ಇನ್ನು ಒಂದೇ ಮಾತು ಉಳಿದಿದೆ. ಅದೇ ನಮಗೆ ಮುಖ್ಯವೆಂದು ತೋರುವುದು. ತಮಿಳುನಾಡಿನ 2022ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ ಬಂದ ಮೇಲೆ ಹಳೆಯ ಕಟ್ಟಡವನ್ನು ಕೆಡವಿ ಕಟ್ಟಲು ಎಲ್ಲ ಒಡೆಯರ ಒಪ್ಪಿಗೆ ಬೇಕಾಗಿಲ್ಲ, ಮೂರರಲ್ಲಿ ಎರಡು ಪಾಲು ಸಾಕು. ಇದರಲ್ಲಿ ನ್ಯಾಯವಿದೆ. ಒಬ್ಬರ ಹಟಕ್ಕೆ ಹನ್ನೊಂದು ಮನೆಗಳು ಸೋರುತ್ತ ಕುಳಿತಿರಲಾಗದು. ಆದರೆ ಉಳಿದ ಮೂರನೆಯ ಪಾಲಿನವರು ಯಾರು? ವಿಚಾರಿಸಿ ನೋಡಿದರೆ ಹಟಮಾರಿಗಳು ಕಡಮೆ. ಒಬ್ಬಂಟಿಯಾದ ವಿಧವೆ, ಮಗ ಹೊರದೇಶದಲ್ಲಿದ್ದು ಕಾಗದ ಓದಿಹೇಳುವವರಿಲ್ಲದ ಮುದುಕರು, ತಮಿಳು ಮಾತನಾಡಬಲ್ಲರು, ಓದಲಾರರು, ಇಂಗ್ಲಿಷು ಓದಬಲ್ಲರು, ವಕೀಲರ ಇಂಗ್ಲಿಷು ಓದಲಾರರು. ಅವರು ‘ಬೇಡ’ ಎನ್ನುವುದು ಹೊಸ ಮನೆ ಬೇಡವೆಂದಲ್ಲ, ಅರ್ಥವಾಗದ ಕಾಗದಕ್ಕೆ ಸಹಿ ಹಾಕುವುದು ಬೇಡವೆಂದು. ಅವಿಭಕ್ತ ಭೂಮಿಯಲ್ಲಿ ತಮ್ಮ ಪಾಲು ಎಷ್ಟು, ಹೊಸ ಮನೆಯ ಅಳತೆಯಲ್ಲಿ ಮೆಟ್ಟಿಲು ಮೊಗಸಾಲೆಗಳ ಪಾಲು ಎಷ್ಟು, ಬಾಡಿಗೆಯ ಹಣವನ್ನು ಯಾರು ಎಷ್ಟು ತಿಂಗಳು ಕೊಡುತ್ತಾರೆ, ಕೆಲಸ ತಡವಾದರೆ ಯಾರು ಹೊಣೆ, ಬಿಲ್ಡರು ನಡುವೆ ಕೈಬಿಟ್ಟರೆ ಅಥವಾ ಕಾಲವಾದರೆ ಮುಂದೇನು? ಇವಕ್ಕೆ ಉತ್ತರ ತಿಳಿದರೆ ‘ಬೇಡ’ ಎಂದವರಲ್ಲಿ ಅರ್ಧ ಜನ ‘ಆಗಲಿ’ ಎನ್ನುತ್ತಾರೆ. ಉತ್ತರ ಸರಿಯಿಲ್ಲದಿದ್ದರೆ ‘ಆಗಲಿ’ ಎಂದವರೂ ಎಚ್ಚರಗೊಳ್ಳುತ್ತಾರೆ.

ಈ ನಗರದಲ್ಲಿ ನಾವು ಕನ್ನಡಿಗರು ಯಾವಾಗಲೂ ಎಣಿಕೆಯಲ್ಲಿ ಕಡಮೆಯವರು. ಮೂರರಲ್ಲಿ ಒಂದು ಪಾಲು ಇರಲಿ, ನೂರರಲ್ಲಿ ಒಂದು ಪಾಲು ಕೂಡ ಅಲ್ಲವೇನೋ. ಆದರೂ ಈ ಊರು ನಮ್ಮ ಮಾತನ್ನು ಅಡಗಿಸಲಿಲ್ಲ. ನಮ್ಮ ಹಬ್ಬಕ್ಕೆ ಚಪ್ಪರ ಹಾಕಲು ಜಾಗ ಕೊಟ್ಟಿತು. ಕಡಮೆಯವರಾಗಿ ಬದುಕುವ ಅನುಭವ ನಮಗಿದ್ದ ಮೇಲೆ, ನಮ್ಮ ಮಹಡಿಯಲ್ಲಿ ಕಡಮೆಯವರಾದವರನ್ನು ನಾವು ಕೈಬಿಡಬಾರದು.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಣ್ಣ ಸೂಚನೆ ಇಡುತ್ತೇವೆ. ತಿಂಗಳಿಗೊಂದು ಭಾನುವಾರ ಬೆಳಗ್ಗೆ ಎರಡು ಗಂಟೆ ಹೊತ್ತು, ನಮ್ಮಲ್ಲಿ ಬ್ಯಾಂಕಿನಲ್ಲಿರುವವರು, ವಕೀಲರು, ಎಂಜಿನಿಯರುಗಳು ಒಂದು ಮೇಜಿನ ಸುತ್ತ ಕುಳಿತುಕೊಳ್ಳಲಿ. ಯಾವ ಹಿರಿಯರು ಕರಾರುಪತ್ರ ತಂದರೂ ಅದನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಓದಿ ಹೇಳೋಣ. ಸಲಹೆ ಕೇಳಿದರೆ ಮಾತ್ರ ಸಲಹೆ. ಇಲ್ಲದಿದ್ದರೆ ಓದು ಮಾತ್ರ. ಬೇರೆ ಭಾಷೆಯ ನೆರೆಯವರು ಬಂದರೆ ಅವರಿಗೂ ಕುರ್ಚಿ ಹಾಕೋಣ. ಇದಕ್ಕೆ ಚಂದಾ ಬೇಡ. ಮೇಜು, ಕಾಫಿ, ಎರಡು ಕನ್ನಡಕ ಸಾಕು. ಕನ್ನಡ ಭಾಷೆ ವೇದಿಕೆಯ ಮೇಲೆ ಹಾಡಾಗಿ ಬಾಳುತ್ತದೆ, ನಿಜ. ಅದು ಹಾಳೆಯ ಕೆಳಗೆ ಸಹಿ ಹಾಕಬೇಕಾದ ಗಳಿಗೆಯಲ್ಲಿ ಒಬ್ಬ ಅಜ್ಜಿಗೆ ಧೈರ್ಯವಾಗಿಯೂ ಬಾಳಲಿ.

ಮೊದಲ ಭಾನುವಾರದ ಮೇಜಿಗೆ ನಾವು ಬರುತ್ತೇವೆ. ಕಾಗದವನ್ನು ತಾವು ತನ್ನಿ.